ಮೆಡೋಸ್ ಟೇಲರ್ ಸಾಹೇಬರೂ ಅವರ ಕಾದಂಬರಿಗಳ ಸ್ತ್ರೀಯರೂ

ಸಕಲೇಶಪುರದಿಂದ ಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ, ದೋಣಿಗಾಲಿನ ಸಮೀಪದ ಗುಡ್ಡದ ಮೇಲೆ, ಎಂಟು ಮೂಲೆಗಳ ನಕ್ಷತ್ರದಂತೆ ಕಟ್ಟಲ್ಪಟ್ಟಿರುವ ಮಂಜರಾಬಾದ್ ಕೋಟೆಯನ್ನು ನಮ್ಮ ಶಾಲೆಯ ಹುಡುಗಿಯರಲ್ಲಿ ನೋಡದೆ ಇರುವವರು ವಿರಳ. ಅದನ್ನು ಟಿಪ್ಪೂ ಸುಲ್ತಾನನು ಕಟ್ಟಿಸಿದನೆಂದೂ 1792ರಲ್ಲಿ ಅದರ ಕೆಲಸ ಮುಗಿಯಿತೆಂದೂ ಚಿಕ್ಕ ತರಗತಿಯ ಮಕ್ಕಳೂ ಹೇಳಬಲ್ಲರು. ಆದರೆ ಆ ಸುಲ್ತಾನನ ಕಾಲವನ್ನೇ ವಸ್ತುವನ್ನಾಗಿ ಮಾಡಿಕೊಂಡು 1840ರಲ್ಲಿ ಇಂಗ್ಲೀಷ್ ಭಾಷೆಯಲ್ಲಿ ಒಂದು ದೊಡ್ಡ ಕಾದಂಬರಿಯು ಪ್ರಕಟವಾಯಿತೆಂಬುದೂ, ಅದನ್ನು ಬರೆದ ಮಹನೀಯರು ತಮ್ಮ ಪ್ರಾಯದ ಶ್ರೇಷ್ಠವಾದ ವರ್ಷಗಳನ್ನು ಕನ್ನಡ ನಾಡಿನ ಸುರಪುರದಲ್ಲಿ ಕಳೆದರೆಂಬುದೂ ಅಷ್ಟಾಗಿ ತಿಳಿದ ಸಂಗತಿಗಳಲ್ಲ. ಅವರೇ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು. ಅವರ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಅವರ ತಂದೆತಾಯಿಗಳ ಮುಂದೆ ಇಡಬೇಕೆಂದು ಅಪೇಕ್ಷಿಸುತ್ತೇವೆ.

ಇಷ್ಟು ಮಂದಿ ಮಹನೀಯರಿರುವಾಗ ಇವರನ್ನೇ ಏಕೆ ಆರಿಸಿಕೊಂಡೆವೆಂದು ಕೆಲವರು ಕೇಳಬಹುದು. ಇಂಗ್ಲೀಷ್ ಕಾದಂಬರಿಗಳನ್ನು ಓದುವ ಹುಡುಗಿಯರು ಜೇನ್ ಆಸ್ಟೆನ್, ಷಾರ್ಲಟ್ ಬ್ರಾಂಟೆ, ಜಾರ್ಜ್ ಎಲಿಯಟ್ ಮುಂತಾದವರ ಗ್ರಂಥಗಳನ್ನು ಬಹಳ ಪ್ರೀತಿಯಿಂದ ಓದುತ್ತಾರೆ. ಬಡವಳಾದರೂ ತನ್ನ ಮನಸ್ಸಾಕ್ಷಿಯನ್ನು ಮಾರಿಕೊಳ್ಳದ ಉಪಾಧ್ಯಾಯಿನಿ, ಐಶ್ವರ್ಯವಂತನೆಂಬ ಒಂದೇ ಕಾರಣದಿಂದ ವರನನ್ನು ಒಪ್ಪದ ಕನ್ಯೆ, ಗಂಡನ ನೆರಳಿನಲ್ಲಿದ್ದುಕೊಂಡೇ ತನ್ನ ಆತ್ಮದ ಕರ್ತವ್ಯವನ್ನು ಹುಡುಕುವ ಗೃಹಿಣಿ, ಇವರೆಲ್ಲರೂ ಅವರಿಗೆ ಅಕ್ಕತಂಗಿಯರಂತೆ ಆಗಿಬಿಡುತ್ತಾರೆ. ಆದರೆ ಓದುವ ಹುಡುಗಿಗೆ ಬುದ್ಧಿ ಬಲಿತಂತೆಲ್ಲ ಒಂದು ಪ್ರಶ್ನೆಯು ಹುಟ್ಟದಿರದು. ಈ ಗ್ರಂಥಗಳಲ್ಲಿ ನಮ್ಮ ನಾಡಿನ ಹೆಣ್ಣು ಎಲ್ಲಿದ್ದಾಳೆ? 1847ರಲ್ಲಿ ಪ್ರಕಟವಾದ ಜೇನ್ ಏರ್ ಎಂಬ ಪ್ರಸಿದ್ಧ ಕಾದಂಬರಿಯಲ್ಲಿ ಒಬ್ಬ ಪಾದರಿಯು ಕಥಾನಾಯಿಕೆಯನ್ನು ಮದುವೆಯಾಗಿ ಹಿಂದೂಸ್ಥಾನಕ್ಕೆ ಕರೆದುಕೊಂಡು ಹೋಗಬೇಕೆಂದಿರುತ್ತಾನೆ. ಅಲ್ಲಿ ನಮ್ಮ ದೇಶವು ದುಡಿದು ಪ್ರಾಣ ಬಿಡತಕ್ಕ ಒಂದು ದೂರದ ಬಿಸಿಲುಸೀಮೆಯಾಗಿ ಕಾಣಿಸಿಕೊಳ್ಳುತ್ತದೆಯೇ ಹೊರತು ಅದರಲ್ಲಿ ವಾಸಿಸುವ ಒಬ್ಬ ಸ್ತ್ರೀಯ ಮುಖವೂ ಕಾಣುವುದಿಲ್ಲ. ಅದೇ ಗ್ರಂಥದಲ್ಲಿ ಜಮೇಕಾ ದ್ವೀಪದಿಂದ ಬಂದ ಹೆಂಡತಿಯು ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಬಂಧಿತಳಾಗಿರುತ್ತಾಳೆ. ಅವಳ ಕಥೆಯನ್ನು ಅವಳ ಬಾಯಿಂದ ಯಾರೂ ಕೇಳುವುದಿಲ್ಲ. ಜೇನಳ ಧೈರ್ಯವನ್ನು ನಾವು ಎಷ್ಟು ಮೆಚ್ಚಿದರೂ ಈ ಕೊರತೆಯನ್ನು ಮರೆಯಲಾಗದು. ಆ ಗ್ರಂಥವು ಇಂಗ್ಲೆಂಡಿನಲ್ಲಿ ಅಚ್ಚಾದ ಕಾಲಕ್ಕೇ ಸುರಪುರದ ಗುಡ್ಡದ ಮೇಲೆ ಒಬ್ಬ ಆಂಗ್ಲೇಯನು ವಾಸವಾಗಿದ್ದನು. ಅವನು ಮುಂದೆ ನಮ್ಮ ದಖ್ಖನ್ ಸೀಮೆಯ ಹೆಣ್ಣುಮಕ್ಕಳನ್ನೇ ಕಥಾನಾಯಿಕೆಯರನ್ನಾಗಿ ಮಾಡಿ ಬರೆದನು. ಆದುದರಿಂದಲೇ ಅವನ ಜೀವನವು ನಮಗೆ ಅವಶ್ಯವಾದುದು.

ಟೇಲರ್ ಸಾಹೇಬರು 1808ನೆಯ ಇಸವಿ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಒಬ್ಬ ವರ್ತಕರ ಮಗನಾಗಿ ಜನಿಸಿದರು. ತಂದೆಯ ವ್ಯಾಪಾರವು ಇಳಿಮುಖವಾದುದರಿಂದ ಹುಡುಗನಿಗೆ ಹೆಚ್ಚು ಕಾಲ ಶಾಲೆಯಲ್ಲಿ ಓದುವ ಭಾಗ್ಯವು ದೊರೆಯಲಿಲ್ಲ. 1824ರಲ್ಲಿ, ಹದಿನೈದು ವರ್ಷದ ಬಾಲಕನಾಗಿರುವಾಗಲೇ, ಬೊಂಬಾಯಿಯ ಒಬ್ಬ ವರ್ತಕನ ಕೋಠಿಯಲ್ಲಿ ಕೆಲಸ ಮಾಡುವುದಕ್ಕಾಗಿ ಅವರನ್ನು ಹಡಗು ಹತ್ತಿಸಿ ಕಳುಹಿಸಲಾಯಿತು. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಪರದೇಶದಲ್ಲಿ ದಿಕ್ಕಿಲ್ಲದೆ ನಿಂತ ಆ ಬಾಲಕನಿಗೆ ಒಬ್ಬ ಬಂಧುವಿನ ಸಹಾಯದಿಂದ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಅಧಿಕಾರವು ದೊರೆಯಿತು. ಹೀಗೆ ಅವರು ಕಂಪೆನಿ ಸರಕಾರದ ದೊಡ್ಡ ನೌಕರರ ಸಾಲಿಗೆ ಸೇರದೆ, ಒಬ್ಬ ದೇಶೀಯ ಪ್ರಭುವಿನ ಅನ್ನವನ್ನುಂಡು ಬೆಳೆದರು. ಕಂಪೆನಿಯ ಅಧಿಕಾರಿಗಳಿಗೆ ಇದ್ದ ಸಂಬಳವಾಗಲಿ ಬಡ್ತಿಯಾಗಲಿ ಇವರಿಗೆ ಇರಲಿಲ್ಲ. ಆದರೆ ಈ ಕೊರತೆಯೇ ಒಂದು ಲಾಭವೂ ಆಯಿತು. ತಮ್ಮವರ ದಂಡಿನ ಬಂಗಲೆಗಳಲ್ಲಿ ಕಾಲ ಕಳೆಯುವುದಕ್ಕೆ ಬದಲಾಗಿ ಅವರು ಹಿಂದೂಸ್ಥಾನಿ, ಪಾರಸಿ, ಮರಾಠಿ ಭಾಷೆಗಳನ್ನು ಶ್ರದ್ಧೆಯಿಂದ ಕಲಿತರು, ಹಳ್ಳಿಗಳಲ್ಲಿ ಡೇರೆ ಹಾಕಿಕೊಂಡು ತಿರುಗಿದರು, ಜನರ ಬಾಯಿಂದಲೇ ಜನರ ವೃತ್ತಾಂತವನ್ನು ಕೇಳಿದರು.

1832ರಲ್ಲಿ ಅವರು ಹೈದರಾಬಾದಿನ ವಿಲಿಯಂ ಪಾಮರ್ ಎಂಬ ಸಾಹುಕಾರರ ಮಗಳಾದ ಮೇರಿ ಎಂಬಾಕೆಯನ್ನು ವಿವಾಹವಾದರು. ಈ ವಿಲಿಯಂ ಪಾಮರರ ತಂದೆಯು ಆಂಗ್ಲ ಸೇನಾನಿ, ತಾಯಿಯು ಫೈಜ್ ಬಕ್ಷ್ ಎಂಬ ಹೆಸರಿನ ಕುಲೀನಳಾದ ಮುಸಲ್ಮಾನ ಬೇಗಮಳು. ಆದಕಾರಣ ಟೇಲರ್ ಸಾಹೇಬರ ಧರ್ಮಪತ್ನಿಯು ಒಬ್ಬ ಹಿಂದೂಸ್ಥಾನಿ ಸ್ತ್ರೀಯ ಮೊಮ್ಮಗಳು. ಆ ಕಾಲದಲ್ಲಿ ಎರಡು ಜನಾಂಗಗಳ ರಕ್ತವುಳ್ಳವರನ್ನು ಎರಡು ಕಡೆಯವರೂ ತಾತ್ಸಾರದಿಂದ ಕಾಣಲು ಪ್ರಾರಂಭಿಸಿದ್ದರು. ಅಂತಹ ಒಂದು ಮನೆತನದೊಡನೆ ಸಂಬಂಧ ಬೆಳೆಸಿದ ಮೇಲೆ, ಹೆಣ್ಣೊಬ್ಬಳು ತಾನು ಯಾರವಳು ಎಂಬ ಪ್ರಶ್ನೆಯನ್ನು ಎದುರಿಸುವುದೆಂದರೇನೆಂದು ಅವರು ಪುಸ್ತಕದಿಂದ ಕಲಿಯಬೇಕಾದ ಅವಶ್ಯವಿರಲಿಲ್ಲ. ಅವರ ಕಾದಂಬರಿಗಳಲ್ಲಿ ಈ ಪ್ರಶ್ನೆಯು ಮತ್ತೆ ಮತ್ತೆ ಬರುವುದಕ್ಕೆ ಅವರ ಮನೆಯೇ ಮೊದಲನೆಯ ಕಾರಣವೆಂದು ನಾವು ಭಾವಿಸುತ್ತೇವೆ.

ಕಾಯಿಲೆಯ ನಿಮಿತ್ತವಾಗಿ ಕೆಲವು ಕಾಲ ಸ್ವದೇಶಕ್ಕೆ ಹೋಗಿದ್ದಾಗ, 1839ರಲ್ಲಿ, ಠಕ್ಕರ ವೃತ್ತಾಂತವನ್ನು ಕುರಿತ ಅವರ ಮೊದಲನೆಯ ಕಾದಂಬರಿಯು ಪ್ರಕಟವಾಗಿ ಇಂಗ್ಲೆಂಡಿನಲ್ಲೆಲ್ಲ ಪ್ರಸಿದ್ಧವಾಯಿತು. ವಿಕ್ಟೋರಿಯಾ ರಾಣಿಯವರು ಅದು ಅಚ್ಚಾಗುತ್ತಿರುವಾಗಲೇ ಅದರ ಹಾಳೆಗಳನ್ನು ತರಿಸಿಕೊಂಡು ಓದಿದರೆಂಬ ಸಂಗತಿಯು ಪ್ರಸಿದ್ಧವಾಗಿದೆ. ಮರುವರ್ಷವೇ ಟಿಪ್ಪೂ ಸುಲ್ತಾನನ ಯುದ್ಧಗಳ ಕಾಲದ ಕಾದಂಬರಿಯು ಹೊರಬಂದಿತು. ಅದರಲ್ಲಿ ಕತ್ತಿ ಕುದುರೆಗಳ ಗದ್ದಲವೇ ಹೆಚ್ಚಾದರೂ ನಡುವೆ ಅಮೀನಾ ಎಂಬ ಒಬ್ಬ ಎಳೆಯ ಪ್ರಾಯದ ಹೆಂಡತಿಯು ಇದ್ದಾಳೆ. ಆಕೆಯು ವಯಸ್ಸಾದ ಸೇನಾನಿಯೊಬ್ಬನ ಕೈ ಹಿಡಿದವಳು. ಸವತಿಯರ ಮತ್ಸರದ ನಡುವೆ ಬಾಳಬೇಕಾದವಳು. ಜನಾನದ ಒಳಗೆ ನಡೆಯುವುದನ್ನು ಆಗಿನ ಆಂಗ್ಲ ಲೇಖಕರು ಒಂದು ವಿನೋದದ ಮಾತನ್ನಾಗಿ ಬರೆಯುತ್ತಿದ್ದುದು ವಾಡಿಕೆ. ಟೇಲರ್ ಸಾಹೇಬರಾದರೋ ಅಲ್ಲಿನ ದುಃಖವು ಎಲ್ಲ ಮನೆಗಳ ದುಃಖದಂತೆಯೇ ನಿಜವಾದ ದುಃಖವೆಂದು ತಿಳಿದು ಬರೆದರು. ಆದರೂ ಆ ಗ್ರಂಥದಲ್ಲಿ ಹೆಣ್ಣು ಇನ್ನೂ ಕಥೆಯ ಅಂಚಿನಲ್ಲಿಯೇ ಇದ್ದಳು. ಆಕೆಯನ್ನು ನಡುಮನೆಗೆ ಕರೆತರಲು ಲೇಖಕರಿಗೆ ಇನ್ನೂ ಇಪ್ಪತ್ತು ವರ್ಷಗಳು ಬೇಕಾದವು.

1841ರಲ್ಲಿ ಅವರನ್ನು ಸುರಪುರಕ್ಕೆ ಕಳುಹಿಸಲಾಯಿತು. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಈ ಊರು ಆಗ ಬೇಡ ನಾಯಕರ ಸಂಸ್ಥಾನದ ರಾಜಧಾನಿ. ದೊರೆ ಕೃಷ್ಣಪ್ಪ ನಾಯಕರು ತೀರಿಹೋದ ಮೇಲೆ ಅವರ ಮಗನಾದ ವೆಂಕಟಪ್ಪ ನಾಯಕನು ಇನ್ನೂ ಚಿಕ್ಕ ಮಗು. ಸಂಸ್ಥಾನವು ಸಾಲದಲ್ಲಿ ಮುಳುಗಿತ್ತು. ಅಧಿಕಾರಕ್ಕಾಗಿ ಅರಮನೆಯಲ್ಲಿ ಎರಡು ಪಕ್ಷಗಳು ಹೊಡೆದಾಡುತ್ತಿದ್ದವು. ಬಾಲಕನ ತಾಯಿಯಾದ ಈಶ್ವರಮ್ಮ ರಾಣಿಯವರು ಮಗನನ್ನೂ ರಾಜ್ಯಾಧಿಕಾರವನ್ನೂ ಪರರ ಕೈಗೆ ಒಪ್ಪಿಸಲು ಸುಲಭವಾಗಿ ಸಮ್ಮತಿಸುವವರಾಗಿರಲಿಲ್ಲ. ಟೇಲರ್ ಸಾಹೇಬರಿಗೂ ರಾಣಿಯವರಿಗೂ ಅನೇಕ ಸಂದರ್ಭಗಳಲ್ಲಿ ಘರ್ಷಣೆಯಾಯಿತು. ತಮ್ಮ ಆತ್ಮಚರಿತ್ರೆಯಲ್ಲಿ ಅವರು ಈ ರಾಣಿಯವರನ್ನು ಹಟಮಾರಿಯಾದ, ಕೋಪಿಷ್ಠೆಯಾದ, ಆದರೆ ಬುದ್ಧಿಶಾಲಿಯೂ ಧೈರ್ಯವಂತೆಯೂ ಆದ ಸ್ತ್ರೀಯಾಗಿ ಚಿತ್ರಿಸಿದ್ದಾರೆ. ನಮ್ಮ ಓದುಗರು ಈ ಚಿತ್ರವನ್ನು ನೋಡುವಾಗ ಒಂದು ಮಾತನ್ನು ನೆನಪಿನಲ್ಲಿಡಬೇಕು. ಇದು ಎದುರು ಪಕ್ಷದವರು ಬರೆದ ಚಿತ್ರ. ಗಂಡನನ್ನು ಕಳೆದುಕೊಂಡು, ಮಗನ ಪಟ್ಟವನ್ನು ಕಾಪಾಡಿಕೊಳ್ಳಬೇಕಾಗಿದ್ದ ಒಬ್ಬ ತಾಯಿಯು ಪರದೇಶದ ಅಧಿಕಾರಿಯನ್ನು ನಂಬದೆ ಹೋದುದು ಹಟವೋ ವಿವೇಕವೋ ಎಂಬುದನ್ನು ಆಕೆಯೇ ಬರೆದಿಟ್ಟಿದ್ದರೆ ತಿಳಿಯಬಹುದಾಗಿತ್ತು.

ಮುಂದೆ ಹನ್ನೆರಡು ವರ್ಷಗಳ ಕಾಲ, ಎಂದರೆ 1853ರವರೆಗೆ, ಅವರು ಸುರಪುರದ ಆಡಳಿತವನ್ನು ನಡೆಸಿದರು. ಸಾಲವನ್ನು ತೀರಿಸಿದರು, ಭೂಮಿಯ ಅಳತೆಯನ್ನು ಮಾಡಿಸಿದರು, ರಸ್ತೆಗಳನ್ನು ಹಾಕಿಸಿದರು, ಬೋನಾಳ ಕೆರೆಯನ್ನು ವಿಸ್ತರಿಸಿ ಬಲಪಡಿಸಿದರು. ಗುಡ್ಡದ ಮೇಲೆ ಅವರು ತಮ್ಮ ವಾಸಕ್ಕಾಗಿ ಕಟ್ಟಿಸಿದ ಬಂಗಲೆಯನ್ನು ಊರಿನವರು ಇಂದಿಗೂ ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ಬಾಲಕನಾದ ರಾಜನು ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದನು. ಅವರೂ ಅವನಿಗೆ ಓದುಬರಹ ಕಲಿಸಿ ಮಗನಂತೆಯೇ ನೋಡಿಕೊಂಡರು. ಆದರೆ ಇದೇ ಅವಧಿಯಲ್ಲಿ ಅವರ ಸ್ವಂತ ಮನೆಯ ದೀಪವು ಆರಿಹೋಯಿತು. 1844ರಲ್ಲಿ ಮೇರಿಯವರು ತೀರಿಕೊಂಡರು. ಉಳಿದ ಇಬ್ಬರು ಹೆಣ್ಣುಮಕ್ಕಳು ತಂದೆಯಿಂದ ದೂರವಾಗಿ ಇಂಗ್ಲೆಂಡಿನಲ್ಲಿ ಬಂಧುಗಳ ಆಶ್ರಯದಲ್ಲಿ ಬೆಳೆಯಬೇಕಾಯಿತು. ಟೇಲರ್ ಸಾಹೇಬರು ಪುನಃ ಮದುವೆಯಾಗಲಿಲ್ಲ. ಮಕ್ಕಳನ್ನು ದೂರದ ಊರಿನ ಶಾಲೆಯಲ್ಲಿ ಬಿಟ್ಟು ಕಾಗದದ ದಾರಿ ಕಾಯುವುದೆಂದರೇನೆಂದು ನಮ್ಮ ಮಲೆನಾಡಿನ ತಂದೆತಾಯಿಗಳಿಗೆ ನಾವು ವಿವರಿಸಬೇಕಾದುದಿಲ್ಲ.

ಸುರಪುರದ ಕಥೆಯು ಶೋಕದಲ್ಲಿ ಮುಗಿಯಿತು. ಪ್ರಾಯಕ್ಕೆ ಬಂದ ರಾಜನಿಗೆ 1853ರಲ್ಲಿ ರಾಜ್ಯವನ್ನು ಒಪ್ಪಿಸಿ ಟೇಲರ್ ಸಾಹೇಬರು ನಳದುರ್ಗದ ಸೀಮೆಗೆ ಹೋದರು. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಅವರನ್ನು ಬೇರಾರ್ ಪ್ರಾಂತಕ್ಕೆ ಕಳುಹಿಸಲಾಯಿತು. ಅಲ್ಲಿ ಸೈನ್ಯದ ಬಲವಿಲ್ಲದೆ ಕೇವಲ ಜನರ ವಿಶ್ವಾಸದಿಂದ ಅವರು ಶಾಂತಿಯನ್ನು ಕಾಪಾಡಿದರು. ಮರುವರ್ಷ, 1858ರಲ್ಲಿ, ವೆಂಕಟಪ್ಪ ನಾಯಕನು ಕಂಪೆನಿ ಸರಕಾರದ ವಿರುದ್ಧ ಎದ್ದು, ಸೋತು, ಸೆರೆಯಾದನು. ಮೊದಲು ವಿಧಿಸಿದ ಮರಣದಂಡನೆಯನ್ನು ಕಡಿಮೆ ಮಾಡಿ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸವೆಂದು ತೀರ್ಮಾನಿಸಲಾಯಿತು. ಆದರೆ ಸೆರೆಮನೆಯ ಹಾದಿಯಲ್ಲಿಯೇ ಆ ತರುಣನು ಗುಂಡಿನೇಟಿನಿಂದ ಮೃತನಾದನು. ಅವನು ತಾನೇ ಗುಂಡು ಹಾರಿಸಿಕೊಂಡನೆಂದು ಸರಕಾರದ ವರದಿಯು ಹೇಳುತ್ತದೆ. ಕನ್ನಡ ನಾಡು ಇಂದು ಅವನನ್ನು ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ವೀರನೆಂದು ಗೌರವಿಸುತ್ತದೆ. ಅವನನ್ನು ಸಾಕಿ ಬೆಳೆಸಿದ ಟೇಲರ್ ಸಾಹೇಬರು ಅವನನ್ನು ಸೋಲಿಸಿದ ಸರಕಾರದ ನೌಕರರೂ ಆಗಿದ್ದರು. ಪ್ರೀತಿಯೂ ಅಧಿಕಾರವೂ ಒಂದೇ ಕೈಯಲ್ಲಿದ್ದರೆ ಯಾವುದು ಗೆಲ್ಲುವುದೆಂಬುದಕ್ಕೆ ಇದಕ್ಕಿಂತ ಕಠಿಣವಾದ ನಿದರ್ಶನವು ಬೇಕಾಗಿಲ್ಲ.

ಆರೋಗ್ಯವು ಕೆಟ್ಟುದರಿಂದ 1860ರಲ್ಲಿ ಅವರು ಹಿಂದೂಸ್ಥಾನವನ್ನು ಬಿಟ್ಟು ಐರ್ಲೆಂಡಿನ ಡಬ್ಲಿನ್ ನಗರದ ಸಮೀಪದಲ್ಲಿ ನೆಲೆಸಿದರು. ಸುರಪುರದ ಗುಡ್ಡಗಳಿಂದ ಅಷ್ಟು ದೂರದಲ್ಲಿ ಕುಳಿತು ಅವರು ಬರೆದ ಗ್ರಂಥಗಳೇ ಇಲ್ಲಿ ನಮಗೆ ಮುಖ್ಯವಾದವು. ಅವುಗಳಲ್ಲಿ ಮೊದಲನೆಯದು 1863ರಲ್ಲಿ ಪ್ರಕಟವಾದ ತಾರಾ. ಇದರ ಕಾಲವು ಬಿಜಾಪುರದ ಆದಿಲ್‌ಶಾಹಿ ಅರಸರ ಕೊನೆಗಾಲ. ಶಿವಾಜಿ ಮಹಾರಾಜರೂ ಅಫಜಲ್ ಖಾನನೂ ಅದರಲ್ಲಿ ಬರುತ್ತಾರೆ. ಆದರೆ ಗ್ರಂಥಕ್ಕೆ ಹೆಸರು ಕೊಟ್ಟವಳು ಅರಸಿಯಲ್ಲ, ವೀರನ ಹೆಂಡತಿಯೂ ಅಲ್ಲ. ತುಳಜಾಪುರದ ಒಬ್ಬ ಬ್ರಾಹ್ಮಣ ಶಾಸ್ತ್ರಿಗಳ ಮಗಳು, ಆಟವಾಡುವ ವಯಸ್ಸಿನಲ್ಲಿಯೇ ವಿಧವೆಯಾದ ಒಬ್ಬ ಹುಡುಗಿ. ತಂದೆಯು ಆಕೆಗೆ ಸಂಸ್ಕೃತ ವಿದ್ಯೆಯನ್ನು ಕಲಿಸಿದ್ದಾರೆ. ಪ್ರಪಂಚವು ಅವಳ ಪಾಲಿಗೆ ಮುಚ್ಚಿದ ಬಾಗಿಲಾಗಿರುವಾಗ ವಿದ್ಯೆಯೊಂದೇ ಅವಳ ಕಿಟಕಿ. ದೇವಿಯ ಗುಡಿಯಲ್ಲಿ ಸೇವೆಗೆ ನಿಂತ ಅವಳ ರೂಪವನ್ನು ಕಂಡು ಕೆಟ್ಟ ಮನಸ್ಸಿನವನೊಬ್ಬನು ಬೆನ್ನು ಹತ್ತುತ್ತಾನೆ. ಕಷ್ಟಗಳ ಮೇಲೆ ಕಷ್ಟಗಳು ಬಂದು ಆಕೆಯು ಕೊನೆಗೆ ಅಫಜಲ್ ಖಾನನ ಪರಿವಾರದಲ್ಲಿ ಆಶ್ರಯವನ್ನು ಪಡೆಯುತ್ತಾಳೆ.

ಆ ಗ್ರಂಥದಲ್ಲಿ ನಮಗೆ ಅತ್ಯಂತ ಮನೋಹರವಾಗಿ ಕಂಡದ್ದು ತಾರೆಗೂ ಖಾನನ ಮಗಳಾದ ಜೈನಾಳಿಗೂ ಬೆಳೆಯುವ ಸ್ನೇಹ. ಒಬ್ಬಳು ಬ್ರಾಹ್ಮಣರ ಮನೆಯ ವಿಧವೆ, ಇನ್ನೊಬ್ಬಳು ಮುಸಲ್ಮಾನ ಸರದಾರನ ಮುದ್ದಿನ ಮಗಳು. ಊಟ, ಉಡುಪು, ಪೂಜೆ ಎಲ್ಲವೂ ಬೇರೆ. ಆದರೂ ಜೈನಾಳು ಅವಳ ನೇಮನಿಷ್ಠೆಗಳಿಗೆ ಭಂಗ ಬಾರದಂತೆ ಒಡಹುಟ್ಟಿದವಳ ಹಾಗೆ ಅವಳನ್ನು ನೋಡಿಕೊಳ್ಳುತ್ತಾಳೆ. ಇಂಗ್ಲೀಷ್ ಕಾದಂಬರಿಗಳಲ್ಲಿ ಇಬ್ಬರು ಹೆಣ್ಣುಮಕ್ಕಳ ನಡುವೆ ನಿಲ್ಲುವ ಗಂಡಸಿನ ಕಥೆಯು ಬೇಕಾದಷ್ಟಿದೆ. ಇಬ್ಬರು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಆಸರೆಯಾಗುವ ಕಥೆಯು ಅಷ್ಟು ಸುಲಭವಾಗಿ ಸಿಕ್ಕದು. ನಾನಾ ಮತಗಳ, ನಾನಾ ಮನೆತನಗಳ ಹುಡುಗಿಯರು ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪುಸ್ತಕವನ್ನು ನೋಡಿಕೊಂಡು ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಭಾಗವನ್ನು ಓದಿದರೆ ತಮ್ಮದೇ ಗೆಳತಿಯರನ್ನು ನೆನೆದುಕೊಳ್ಳದೆ ಇರಲಾರರು. ಕಥೆಯ ಕೊನೆಯಲ್ಲಿ ತಾರೆಯು ಸಹಗಮನದ ಚಿತೆಯನ್ನು ಏರುವ ಸ್ಥಿತಿಗೆ ಬರುತ್ತಾಳೆ. ಖಾನನ ಮಗನಾದ ಫಾಜಿಲನು ಅವಳನ್ನು ಉಳಿಸುತ್ತಾನೆ. ಆಕೆಯು ಅವನನ್ನು ಮದುವೆಯಾಗಿ ಹೊಸ ಬಾಳನ್ನು ಆರಂಭಿಸುತ್ತಾಳೆ. ವಿಧವೆಯಾದವಳಿಗೂ ಮುಂದೆ ಒಂದು ಜೀವನವುಂಟೆಂದು ಹೇಳಲು ಆ ಕಾಲದಲ್ಲಿ ಧೈರ್ಯವೇ ಬೇಕಾಗಿತ್ತು.

ಎರಡನೆಯದು 1872ರಲ್ಲಿ ಪ್ರಕಟವಾದ ಸೀತಾ. ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಎಲಿಯಟ್ ಎಂಬ ಹೆಸರಿನ ಮರೆಯಲ್ಲಿ ಮೇರಿ ಆನ್ ಎವಾನ್ಸ್ ಎಂಬಾಕೆಯು ತಮ್ಮ ಮಿಡ್ಲ್‌ಮಾರ್ಚ್ ಎಂಬ ಮಹಾಗ್ರಂಥವನ್ನು ಹೊರತರುತ್ತಿದ್ದರು. ಅಲ್ಲಿ ಡೊರೊಥಿಯಾ ಎಂಬ ವಿಧವೆಯು ಜನರ ಮಾತಿಗೆ ಅಂಜದೆ ಪುನರ್ವಿವಾಹವಾಗುತ್ತಾಳೆ. ಇಲ್ಲಿ ಟೇಲರ್ ಸಾಹೇಬರ ಸೀತೆಯೂ ವಿಧವೆಯೇ. ಅಕ್ಕಸಾಲಿಗರ ಕುಲದವಳು, ಓದು ಬಲ್ಲವಳು. ಗಂಡನನ್ನು ಕೊಂದ ದರೋಡೆಕೋರರ ಮೇಲೆ ನ್ಯಾಯಸ್ಥಾನದಲ್ಲಿ ಹೆದರದೆ ಸಾಕ್ಷಿ ಹೇಳಿದವಳು. ಆ ಜಿಲ್ಲೆಯ ಆಂಗ್ಲ ಅಧಿಕಾರಿಯಾದ ಸಿರಿಲ್ ಬ್ರಾಂಡನನು ಅವಳನ್ನು ಮೆಚ್ಚಿ ಮದುವೆಯಾಗುತ್ತಾನೆ. ಕಥೆಯು ನಡೆಯುವುದು 1857ರ ದಂಗೆಯ ಕಾಲದಲ್ಲಿ. ಹಿಂದೂ ವಿಧವೆಯರ ಪುನರ್ವಿವಾಹಕ್ಕೆ ಅನುಮತಿ ಕೊಡುವ ಕಾಯಿದೆಯು ಅದಕ್ಕೆ ಒಂದು ವರ್ಷ ಮುಂಚೆ, 1856ರಲ್ಲಿ, ಬಂದಿತ್ತು. ಕಾಯಿದೆ ಬಂದರೂ ಜನರ ಮನಸ್ಸು ಬದಲಾಗಿರಲಿಲ್ಲ. ಸೀತೆಯ ಕುಲದವರು ಒಂದು ಕಡೆಯಿಂದಲೂ, ಬ್ರಾಂಡನನ ಜಾತಿಯ ದೊರೆಸಾನಿಗಳು ಇನ್ನೊಂದು ಕಡೆಯಿಂದಲೂ, ಆ ಮದುವೆಯನ್ನು ಒಪ್ಪದೆ ಮುಖ ತಿರುಗಿಸುತ್ತಾರೆ. ಎರಡು ಮನೆಗಳ ನಡುವಿನ ಅಂಗಳದಲ್ಲಿ ನಿಂತ ಹೆಣ್ಣಿನ ಮನಸ್ಸನ್ನು ಟೇಲರ್ ಸಾಹೇಬರು ಬಹಳ ಅನುಕಂಪದಿಂದ ಬರೆದಿದ್ದಾರೆ. ಬೇಗಮಳ ಮೊಮ್ಮಗಳಾದ ಮೇರಿಯವರ ನೆನಪು ಆ ಪುಟಗಳ ಹಿಂದೆ ಇರಬೇಕೆಂದು ನಮಗೆ ತೋರುತ್ತದೆ.

ಆದರೆ ಕೊನೆಗೆ ಸೀತೆಯು ಏನಾಗುತ್ತಾಳೆ? ಶತ್ರುವಿನ ಆಯುಧವು ಗಂಡನಿಗೆ ತಗಲದಂತೆ ತಾನು ಅಡ್ಡ ಬಂದು ಪ್ರಾಣ ಬಿಡುತ್ತಾಳೆ. ಬ್ರಾಂಡನನು ಅನಂತರ ತನ್ನ ಜನಾಂಗದ ಕನ್ಯೆಯೊಬ್ಬಳನ್ನು ಮದುವೆಯಾಗುತ್ತಾನೆ. ಓದುವವರಿಗೆ ಕಣ್ಣೀರು ಬರುವುದು ಸಹಜ. ಆದರೆ ಕಣ್ಣೊರೆಸಿಕೊಂಡ ಮೇಲೆ ಯೋಚಿಸಬೇಕು. ಆಕೆಯು ಬದುಕಿ ಗಂಡನೊಡನೆ ಇಂಗ್ಲೆಂಡಿಗೆ ಹೋಗಿದ್ದರೆ ಅಲ್ಲಿನ ಜನರು ಆಕೆಯನ್ನು ಹೇಗೆ ಕಾಣುತ್ತಿದ್ದರು, ಆಕೆಯ ಮಕ್ಕಳು ಯಾರೆನಿಸಿಕೊಳ್ಳುತ್ತಿದ್ದರು ಎಂಬ ಪ್ರಶ್ನೆಗಳಿಗೆ ಲೇಖಕರು ಉತ್ತರ ಹೇಳಬೇಕಾಗುತ್ತಿತ್ತು. ಸಾವು ಆ ಕಷ್ಟವನ್ನು ತಪ್ಪಿಸಿತು. ನಾಯಿಕೆಯು ಗಂಡನಿಗಾಗಿ ಸತ್ತರೆ ಎಲ್ಲರೂ ಅವಳನ್ನು ಹೊಗಳುತ್ತಾರೆ. ಅವಳು ಬದುಕಿ ತನ್ನ ಸ್ಥಾನವನ್ನು ಕೇಳಿದರೆ ಹೊಗಳುವವರು ಕಡಿಮೆ. ಇದು ಆ ಒಬ್ಬ ಲೇಖಕರ ದೋಷವೆಂದು ಹೇಳಲಾಗದು. ಪುರಾಣಗಳಲ್ಲಿಯೂ ನಾಟಕಗಳಲ್ಲಿಯೂ ಇಂದಿನ ಚಲನಚಿತ್ರಗಳಲ್ಲಿಯೂ ಹೆಣ್ಣಿನ ತ್ಯಾಗವನ್ನು ಕೊಂಡಾಡಿ ಅವಳ ಬಾಳನ್ನು ಮರೆಯುವ ಅಭ್ಯಾಸವು ನಮ್ಮಲ್ಲಿಯೂ ಸಾಕಷ್ಟಿದೆ.

ಮೂರನೆಯ ಗ್ರಂಥದ ನಾಯಿಕೆಯು ಚಾಂದ್ ಬೀಬಿ. ಈಕೆಯು ಬಿಜಾಪುರದ ಒಂದನೆಯ ಅಲಿ ಆದಿಲ್‌ಶಾಹನ ಪತ್ನಿ. ಗಂಡನ ಮರಣಾನಂತರ ಬಾಲಕನಾದ ಇಬ್ರಾಹಿಮನ ಪರವಾಗಿ ರಾಜ್ಯಭಾರವನ್ನು ನೋಡಿಕೊಂಡಳು. ಮುಂದೆ ತನ್ನ ತವರಾದ ಅಹಮದ್‌ನಗರವನ್ನು ಮೊಗಲರ ಸೈನ್ಯವು ಮುತ್ತಿದಾಗ, 1595 ಮತ್ತು 1596ರಲ್ಲಿ, ತಾನೇ ಕೋಟೆಯ ಗೋಡೆಯ ಮೇಲೆ ನಿಂತು, ಒಡೆದ ಗೋಡೆಯನ್ನು ರಾತ್ರೋರಾತ್ರಿ ಕಟ್ಟಿಸಿ ಊರನ್ನು ಕಾಪಾಡಿದಳು. ಕೆಲವು ವರ್ಷಗಳ ಮೇಲೆ ಮತ್ತೊಂದು ಮುತ್ತಿಗೆಯ ಸಮಯದಲ್ಲಿ ಆಕೆಯು ಶತ್ರುವಿನಿಂದಲ್ಲ, ತನ್ನ ಕಡೆಯವರ ಸಂಶಯದಿಂದಲೇ ಕೊಲ್ಲಲ್ಪಟ್ಟಳು. ಆಕೆಯ ಕಥೆಯನ್ನು ಕೃಷ್ಣಾ ತೀರದ ನಮ್ಮ ಕನ್ನಡ ಸೀಮೆಯ ದೃಶ್ಯಗಳೊಡನೆ ಸೇರಿಸಿ ಟೇಲರ್ ಸಾಹೇಬರು ಬರೆದರು. ಅದು ಪುಸ್ತಕರೂಪದಲ್ಲಿ 1878ರಲ್ಲಿ ಬರುವ ಹೊತ್ತಿಗೆ ಅವರು ಈ ಲೋಕದಲ್ಲಿರಲಿಲ್ಲ. ಸುರಪುರದಲ್ಲಿ ಒಬ್ಬ ರಾಣಿಯೊಡನೆ ವರ್ಷಗಟ್ಟಲೆ ವಾದಿಸಿದ ಅಧಿಕಾರಿಯು ತನ್ನ ಕೊನೆಯ ಗ್ರಂಥವನ್ನು ಅದೇ ತರಹ ಬಾಲರಾಜನಿಗಾಗಿ ಹೋರಾಡಿದ ಇನ್ನೊಬ್ಬ ರಾಣಿಗೆ ಮೀಸಲಿಟ್ಟದ್ದು ಗಮನಿಸತಕ್ಕ ಸಂಗತಿ.

ಇಳಿವಯಸ್ಸಿನಲ್ಲಿ ಅವರ ಕಣ್ಣುಗಳು ಮಂದವಾದವು. 1875ರಲ್ಲಿ ಹೈದರಾಬಾದಿನ ದಿವಾನರಾದ ಸಾಲಾರ್ ಜಂಗರ ಆಹ್ವಾನದ ಮೇಲೆ ಅವರು ಪುನಃ ಹಿಂದೂಸ್ಥಾನಕ್ಕೆ ಬಂದರು. ಆದರೆ ಇಲ್ಲಿ ಚಳಿಜ್ವರವು ಹಿಡಿದು ದೃಷ್ಟಿಯು ಸಂಪೂರ್ಣವಾಗಿ ನಷ್ಟವಾಯಿತು. ಹಿಂದಿರುಗುವ ದಾರಿಯಲ್ಲಿ, ಫ್ರಾನ್ಸ್ ದೇಶದ ಮಾಂತೋಂ ಎಂಬ ಊರಿನಲ್ಲಿ, 1876ನೆಯ ಇಸವಿ ಮೇ 13ರಂದು ಅವರು ಕಾಲಾಧೀನರಾದರು. ಅವರ ಆತ್ಮಚರಿತ್ರೆಯನ್ನು ಮಗಳಾದ ಆಲಿಸರು ಸಿದ್ಧಪಡಿಸಿ 1877ರಲ್ಲಿ ಪ್ರಕಟಿಸಿದರು. ತಾಯಿಯಿಲ್ಲದೆ, ತಂದೆಯಿಂದ ದೂರವಾಗಿ ಬೆಳೆದ ಆ ಮಗಳ ಕೈಯಿಂದಲೇ ತಂದೆಯ ಜೀವನಚರಿತ್ರೆಯು ಲೋಕಕ್ಕೆ ದೊರೆಯಿತು. ಇಂದು ಟೇಲರ್ ಸಾಹೇಬರ ವಿಷಯವಾಗಿ ಯಾರು ಏನು ಬರೆದರೂ ಆಲಿಸರಿಗೆ ಋಣಿಗಳಾಗಿಯೇ ಬರೆಯಬೇಕು.

ಈಗ ಈ ಜೀವನವನ್ನು ನಾವು ಹೇಗೆ ತೂಗಬೇಕು? ಟೇಲರ್ ಸಾಹೇಬರು ಪರಕೀಯ ಆಳ್ವಿಕೆಯ ಸೇವಕರಾಗಿದ್ದರೆಂಬುದನ್ನು ಮರೆಮಾಚಬೇಕಾದುದಿಲ್ಲ. ಅವರ ನಾಯಿಕೆಯರೆಲ್ಲರೂ ಅಸಾಧಾರಣವಾದ ಚೆಲುವೆಯರು. ಹೊಲದಲ್ಲಿ ಕಳೆ ಕೀಳುವವಳು, ಬೆನ್ನ ಮೇಲೆ ಕೂಸನ್ನು ಕಟ್ಟಿಕೊಂಡು ಮಳೆಯಲ್ಲಿ ಕೆಲಸಕ್ಕೆ ಹೋಗುವವಳು ಅವರ ಗ್ರಂಥದ ನಡುಮನೆಗೆ ಬರಲಿಲ್ಲ. ಕಷ್ಟದಲ್ಲಿದ್ದ ಹೆಣ್ಣನ್ನು ಕಾಪಾಡುವುದಕ್ಕೆ ಪ್ರತಿ ಸಲವೂ ಒಬ್ಬ ಗಂಡಸೇ ಕುದುರೆಯೇರಿ ಬರಬೇಕಾಗುತ್ತದೆ. ಇವೆಲ್ಲವೂ ನಿಜ. ಆದರೂ ಇಂಗ್ಲೆಂಡಿನ ಓದುಗರು ನಮ್ಮ ಹೆಂಗಸರನ್ನು ಮುಸುಕಿನ ಹಿಂದಿನ ನೆರಳುಗಳೆಂದು ತಿಳಿದಿದ್ದ ಕಾಲದಲ್ಲಿ, ಅವರಿಗೂ ಹೆಸರುಂಟು, ವಿದ್ಯೆಯುಂಟು, ವಿವೇಚನೆಯುಂಟು, ಸ್ನೇಹವುಂಟು ಎಂದು ಮೂರು ಮೂರು ಸಂಪುಟಗಳಲ್ಲಿ ಬರೆದು ತೋರಿಸಿದವರು ಇವರು. ಅದಕ್ಕಾಗಿ ಅವರಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. ಆದರೆ ಅವರು ನಿಲ್ಲಿಸಿದ ಸ್ಥಳದಲ್ಲಿಯೇ ನಾವೂ ನಿಲ್ಲುವುದು ಬೇಡ.

ಏಕೆಂದರೆ ಮುಂದಿನ ಅಧ್ಯಾಯವನ್ನು ಸ್ತ್ರೀಯರೇ ಬರೆದರು. ಅಹಮದ್‌ನಗರದಲ್ಲಿ 1862ರಲ್ಲಿ ಹುಟ್ಟಿದ ಕೃಪಾಬಾಯಿ ಸತ್ಯನಾಥನ್ ಎಂಬ ಕ್ರೈಸ್ತ ಮಹಿಳೆಯು ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿಯಲು ಸೇರಿದರು. ಆರೋಗ್ಯ ಸಾಲದೆ ಅದನ್ನು ಬಿಡಬೇಕಾಗಿ ಬಂದರೂ ಲೇಖನಿಯನ್ನು ಬಿಡಲಿಲ್ಲ. 1887 ಮತ್ತು 1888ರಲ್ಲಿ ಅವರ ಸಗುಣಾ ಎಂಬ ಇಂಗ್ಲೀಷ್ ಕಾದಂಬರಿಯು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು. ಅದು ಬಹುಮಟ್ಟಿಗೆ ಅವರದೇ ಬಾಳಿನ ಕಥೆ. ಎಂದರೆ ಅಲ್ಲಿ ನಾಯಿಕೆಯೂ ಲೇಖಕಿಯೂ ಒಬ್ಬಳೇ. ಬಾಲ್ಯದಲ್ಲಿ ಮದುವೆಯಾದ ಹಿಂದೂ ಹುಡುಗಿಯ ಕಥೆಯಾದ ಕಮಲಾ ಎಂಬ ಇನ್ನೊಂದು ಗ್ರಂಥವನ್ನೂ ಬರೆದು, 1894ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲಿಯೇ ಅವರು ದೇವರ ಪಾದವನ್ನು ಸೇರಿದರು. ನಮ್ಮ ಕನ್ನಡದಲ್ಲಿ 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ತಿರುಮಲಾಂಬಾ ಅವರು ಟೇಲರ್ ಸಾಹೇಬರ ತಾರೆಯಂತೆಯೇ ಬಾಲವಿಧವೆ, ತಾರೆಯಂತೆಯೇ ತಂದೆಯ ಆಸರೆಯಲ್ಲಿ ಓದಿದವರು. ಆದರೆ ಅವರು ಯಾವ ಕುದುರೆ ಸವಾರನಿಗಾಗಿಯೂ ಕಾಯಲಿಲ್ಲ. ತಾವೇ ಕಾದಂಬರಿ, ನಾಟಕಗಳನ್ನು ಬರೆದರು, ತಾವೇ ಪ್ರಕಟಿಸಿದರು, ಕರ್ನಾಟಕ ನಂದಿನಿ ಎಂಬ ಪತ್ರಿಕೆಯನ್ನೂ ನಡೆಸಿದರು. ಕಥೆಯಲ್ಲಿನ ತಾರೆಗೆ ಲೇಖಕರು ಒಬ್ಬ ಗಂಡನನ್ನು ಕೊಟ್ಟರು. ನಿಜವಾದ ತಾರೆಯು ತನಗೆ ತಾನೇ ಒಂದು ಕೆಲಸವನ್ನು ಕೊಟ್ಟುಕೊಂಡಳು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ಸಕಲೇಶಪುರ, ಆಲೂರುಗಳ ತೋಟದ ಮನೆಗಳಲ್ಲಿ ಸಂಸಾರದ ಭಾರವನ್ನು ಹೊತ್ತಿದ್ದೀರಿ. ಕೆಲವರು ದೂರದ ನಗರಗಳಲ್ಲಿ ದಾದಿಯರಾಗಿ, ಉಪಾಧ್ಯಾಯಿನಿಯರಾಗಿ ಸೇವೆ ಸಲ್ಲಿಸುತ್ತಿದ್ದೀರಿ. ಕಾಫಿಯ ಕೊಯ್ಲಿನ ಲೆಕ್ಕವನ್ನು ನೋಡುವವರು ನೀವೇ, ಅತ್ತೆಮಾವಂದಿರ ಕಾಯಿಲೆಗೆ ಕಷಾಯ ಕಾಸುವವರೂ ನೀವೇ. ಈಶ್ವರಮ್ಮ ರಾಣಿಯವರ ಪಕ್ಷದ ಮಾತು ನಮಗೆ ದೊರೆಯದೆ ಹೋಯಿತು. ಮೇರಿಯವರ ಮನಸ್ಸು ಏನೆಂದಿತೆಂದು ನಾವು ಊಹಿಸಬೇಕಾಯಿತು. ನಿಮ್ಮ ಬಾಳಿನ ವಿಷಯವಾಗಿ ನಿಮ್ಮ ಮೊಮ್ಮಕ್ಕಳು ಹಾಗೆ ಊಹಿಸುವಂತಾಗಬಾರದು. ಹಳೆಯ ನೋಟುಬುಕ್ಕಿನಲ್ಲಾದರೂ ಸರಿ, ಕಾಗದದಲ್ಲಾದರೂ ಸರಿ, ಕಂಡದ್ದನ್ನೂ ಉಂಡದ್ದನ್ನೂ ಸರಳವಾದ ಕನ್ನಡದಲ್ಲಿ ಬರೆದಿಡಿರಿ.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯು ಒಂದೇ. ಮಗಳಿಗೆ ಒಳ್ಳೆಯ ಸಂಬಂಧವು ಬಂದಿತೆಂದು ಹತ್ತನೆಯ ತರಗತಿಯೊಳಗೇ ಅವಳ ಪುಸ್ತಕವನ್ನು ಮುಚ್ಚಿಸಬೇಡಿರಿ. ಮದುವೆಯು ಬರುತ್ತದೆ, ಮನೆಯು ಬರುತ್ತದೆ, ದೇವರ ಚಿತ್ತದಂತೆ ಕಷ್ಟಸುಖಗಳೂ ಬರುತ್ತವೆ. ಆದರೆ ತಾನು ಯಾರೆಂದು ತನ್ನ ಮಾತಿನಲ್ಲಿ ಹೇಳಬಲ್ಲ ಶಕ್ತಿಯು ಸಕಾಲದಲ್ಲಿ ದೊರೆತ ವಿದ್ಯೆಯಿಂದ ಬರುತ್ತದೆ. ಅದನ್ನು ನಿಮ್ಮ ಹೆಣ್ಣುಮಕ್ಕಳಿಗೆ ಪೂರ್ತಿಯಾಗಿ ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತಾ, ಎಲ್ಲರಿಗೂ ದೇವರು ಕ್ಷೇಮವನ್ನು ಅನುಗ್ರಹಿಸಲೆಂದು ಪ್ರಾರ್ಥಿಸಿ ಈ ಚರಿತ್ರೆಯನ್ನು ಮುಗಿಸುತ್ತೇವೆ.